ದೀರ್ಘಕಾಲದ ಚಿಂತೆ, ಮಿದುಳಿನ ಉರಿಯೂತ ಮತ್ತು ಮರೆವಿನ ಕಾಯಿಲೆ: ನಾವು ತಿಳಿದಿರಬೇಕಾದದ್ದು



ನಮ್ಮ ಅಂಗಡಿಗೆ ಬಹಳ ವರ್ಷಗಳಿಂದ ಬರುತ್ತಿದ್ದ ಹಿರಿಯರೊಬ್ಬರು ಒಂದು ದಿನ ಬಾಕಿ ತೀರಿಸಿ ಹೋದರು. ಮರುದಿನ ಅದೇ ಬಾಕಿ ಕೊಡಲು ಮತ್ತೆ ಬಂದರು. ವಹಿ ತೋರಿಸಿ, ನಕ್ಕು ಕಳಿಸಿದೆ. ವಾರ ಬಿಟ್ಟು ಮತ್ತೆ ಬಂದರು. ‘ಅರವತ್ತಕ್ಕೆ ಅರಳು ಮರಳು’ ಎಂದುಕೊಂಡು ಸುಮ್ಮನಾದೆ. ಕೆಲವು ತಿಂಗಳಲ್ಲಿ ಅವರಿಗೆ ಅಥಣಿ ಬಸ್ ನಿಲ್ದಾಣದಿಂದ ತಮ್ಮ ಮನೆಯ ದಾರಿಯೇ ತಿಳಿಯದಾಯಿತು. ಅಂದೇ ಅವರ ಮಕ್ಕಳಿಗೆ ಒಂದು ಮಾತು ಹೇಳಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಅವರ ಮನೆಯವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘2019ರಲ್ಲಿ ಕೃಷ್ಣಾ ನದಿಯ ಮಹಾಪೂರದಲ್ಲಿ ಬೆಳೆ ಹೋಯಿತು, ಸಾಲ ಆಯಿತು. ಆ ಚಿಂತೆಯಿಂದಲೇ ಹೀಗಾಯಿತೇ?’ ನಾನು ವೈದ್ಯನಲ್ಲ, ವ್ಯಾಪಾರಿ. ಹಿರಿಯರನ್ನು ದವಾಖಾನೆಗೆ ಕರೆದೊಯ್ಯುವ ಸೇವೆಯಲ್ಲಿ ವೈದ್ಯರಿಂದ ಕೇಳಿದ್ದನ್ನು ಮತ್ತು ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಚಿಂತೆ ಬಂದಾಗ ದೇಹದಲ್ಲಿ ಆಗುವುದು

ಅಪಾಯ ಕಂಡಾಗ ಮಿದುಳು ಸೂಚನೆ ಕೊಡುತ್ತದೆ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸೋಲ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಇದು ಸ್ವಲ್ಪ ಹೊತ್ತಿನದಾದರೆ ಒಳ್ಳೆಯದೇ. ಶಕ್ತಿ ಬರುತ್ತದೆ, ಉರಿಯೂತವೂ ತಗ್ಗುತ್ತದೆ. ಆದರೆ ಸಾಲ, ಮನೆಯ ಜಗಳ, ಒಂಟಿತನ, ನಿದ್ದೆಗೇಡು ತಿಂಗಳುಗಟ್ಟಲೆ ಮುಂದುವರಿದರೆ ರೋಗನಿರೋಧಕ ಕೋಶಗಳು ಕಾರ್ಟಿಸೋಲ್‌ನ ಮಾತು ಕೇಳುವುದನ್ನೇ ಬಿಡುತ್ತವೆ. ಆಗ ಉರಿಯೂತ ತಗ್ಗುವ ಬದಲು ಹೆಚ್ಚುತ್ತದೆ.

ಮಿದುಳಿನ ಕಾವಲುಗಾರರು

ಮಿದುಳಿಗೆ ತನ್ನದೇ ಕಾವಲು ಕೋಶಗಳಿವೆ. ಅವುಗಳ ಹೆಸರು ಮೈಕ್ರೋಗ್ಲಿಯಾ. ಕಸ ತೆಗೆಯುವುದು, ಸೋಂಕು ತಡೆಯುವುದು ಅವುಗಳ ಕೆಲಸ. ರಾತ್ರಿ ಪೇಟೆ ಕಾಯುವ ಗುರ್ಖಾನ ಹಾಗೆ. ಆದರೆ ಅನೇಕ ರಾತ್ರಿ ನಿದ್ದೆಗೆಟ್ಟ ಗುರ್ಖಾ ಸಣ್ಣ ಸಪ್ಪಳಕ್ಕೂ ಕೋಲು ಬೀಸುತ್ತಾನೆ. ಒಮ್ಮೊಮ್ಮೆ ಅಂಗಡಿ ಮಾಲೀಕನಿಗೇ ಪೆಟ್ಟು ಬೀಳುತ್ತದೆ. ದೀರ್ಘ ಒತ್ತಡದಲ್ಲಿ ಈ ಕೋಶಗಳೂ ಹಾಗೆಯೇ ಆಗುತ್ತವೆ. ಅವು ಬಿಡುವ ರಾಸಾಯನಿಕಗಳು ಒಳ್ಳೆಯ ನರಕೋಶಗಳಿಗೂ ಹಾನಿ ಮಾಡುತ್ತವೆ. ಇದನ್ನೇ ಮಿದುಳಿನ ಉರಿಯೂತ ಎನ್ನುತ್ತಾರೆ. ಮೈಮೇಲಿನ ಬಾವಿನಂತೆ ಇದು ಕಣ್ಣಿಗೆ ಕಾಣುವುದಿಲ್ಲ, ನೋವೂ ಇರುವುದಿಲ್ಲ.

ಅಲ್ಝೈಮರ್ ಕಾಯಿಲೆಯಲ್ಲಿ ಅಮಿಲಾಯ್ಡ್, ಟೌ ಎಂಬ ಪ್ರೋಟೀನುಗಳು ಮಿದುಳಿನಲ್ಲಿ ಗಂಟುಗಟ್ಟುತ್ತವೆ. ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆಯಲ್ಲಿ ಡೋಪಮೈನ್ ತಯಾರಿಸುವ ಕೋಶಗಳು ಸಾಯುತ್ತವೆ. ಈ ಎರಡೂ ಕಾಯಿಲೆಗಳಲ್ಲಿ ಹಾನಿಯಾದ ಜಾಗದ ಸುತ್ತ ಕೆರಳಿದ ಮೈಕ್ರೋಗ್ಲಿಯಾ ಕೋಶಗಳಿರುವುದನ್ನು ವಿಜ್ಞಾನಿಗಳು 1980ರ ದಶಕದಲ್ಲೇ ಕಂಡರು.

ನಮ್ಮ ರಾಜ್ಯದಲ್ಲೇ ನಡೆದ ಸಂಶೋಧನೆ

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನಾದ್ಯಂತ ಹೆಸರಾಗಿದೆ. ಅವರು ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಇಟ್ಟು ನೋಡಿದರು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ನರಕೋಶಗಳ ಕವಲುಗಳು ಮುದುಡಿದ್ದವು. ಭಯವನ್ನು ಹಿಡಿದಿಡುವ ಅಮಿಗ್ಡಲಾ ಭಾಗದಲ್ಲಿ ಕವಲುಗಳು ಬೆಳೆದಿದ್ದವು. 21 ದಿನ ಆರಾಮ ಕೊಟ್ಟ ಮೇಲೆ ನೆನಪಿನ ಭಾಗ ಚೇತರಿಸಿಕೊಳ್ಳುತ್ತದೆ, ಭಯದ ಭಾಗ ಮಾತ್ರ ಹಿಂದಿನಂತಾಗುವುದಿಲ್ಲ ಎಂದು ಅವರ ಮುಂದಿನ ಅಧ್ಯಯನದಲ್ಲಿ ಕಂಡುಬಂತು. ಪ್ರಾಣಿಗಳ ಮೇಲಿನ ಪ್ರಯೋಗ ಎಂದರೆ ಅಹಿಂಸೆಯಲ್ಲಿ ನಂಬಿಕೆಯುಳ್ಳ ನಮಗೆ ನೋವಾಗುತ್ತದೆ. ಅದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ.

ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಕೈಗೊಂಡಿದೆ. ನಮ್ಮಂಥ ಹಳ್ಳಿ ಜನರ ಮಿದುಳಿಗೆ ವಯಸ್ಸಾಗುವುದು ಹೇಗೆ ಎಂಬುದು ಇದರಿಂದ ತಿಳಿಯಲಿದೆ. ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಅಂದಾಜು ಮಾಡಿದೆ.

ಹಾಗಾದರೆ ಚಿಂತೆಯೇ ಕಾರಣವೇ?

ಒಬ್ಬ ವ್ಯಕ್ತಿಯ ಬಗ್ಗೆ ‘ಈ ಚಿಂತೆಯಿಂದಲೇ ಈ ಕಾಯಿಲೆ’ ಎಂದು ಹೇಳಲು ಬರುವುದಿಲ್ಲ. ವಯಸ್ಸು, ವಂಶ, ಬಿಪಿ, ಮಧುಮೇಹ ಎಲ್ಲವೂ ಸೇರಿರುತ್ತವೆ. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ, ನಾವು ಬದಲಾಯಿಸಬಹುದಾದ 14 ಕಾರಣಗಳನ್ನು ಸರಿಪಡಿಸಿದರೆ ಶೇ. 45ರಷ್ಟು ಮರೆವಿನ ಕಾಯಿಲೆಯನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಹೇಳಿತು. ಆ ಪಟ್ಟಿಯಲ್ಲಿ ‘ಚಿಂತೆ’ ಎಂಬ ಹೆಸರಿಲ್ಲ. ಆದರೆ ಖಿನ್ನತೆ, ಒಂಟಿತನ, ಬಿಪಿ, ಮಧುಮೇಹ, ತಂಬಾಕು, ಕಿವಿ ಕೇಳಿಸದಿರುವುದು ಇವೆ. ದೀರ್ಘಕಾಲದ ಚಿಂತೆ ಇವುಗಳಲ್ಲಿ ಹಲವನ್ನು ಹೆಚ್ಚಿಸುತ್ತದೆ. ಆದ್ದರಿಂದ ಮಹಾಪೂರವೇ ಕಾರಣ ಎಂದು ಆ ಮನೆಯವರಿಗೆ ನಾನು ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ.

ಒಂದು ಎಚ್ಚರಿಕೆ: ಉರಿಯೂತ ಎಂದಾಕ್ಷಣ ನೋವಿನ ಗುಳಿಗೆ ನುಂಗಬೇಡಿ. ಅಂಥ ಗುಳಿಗೆ ಕೊಟ್ಟು ನಡೆಸಿದ ದೊಡ್ಡ ಪ್ರಯೋಗಗಳಲ್ಲಿ ಅಲ್ಝೈಮರ್ ತಡೆಯಲಾಗಲಿಲ್ಲ. ಹೊಟ್ಟೆಗೆ ಮತ್ತು ಮೂತ್ರಪಿಂಡಕ್ಕೆ ಹಾನಿಯೇ ಆಗಬಹುದು.

ಎಲ್ಲ ಮರೆವೂ ಅಲ್ಝೈಮರ್ ಅಲ್ಲ

ಥೈರಾಯ್ಡ್ ಕೊರತೆ, ಖಿನ್ನತೆ ಮತ್ತು ವಿಟಮಿನ್ ಬಿ12 ಕೊರತೆಯಿಂದಲೂ ಮರೆವು ಬರುತ್ತದೆ. ಇವುಗಳಿಗೆ ಚಿಕಿತ್ಸೆ ಇದೆ. ಸಸ್ಯಾಹಾರಿಗಳಾದ ನಮಗೆ ಬಿ12 ಮುಖ್ಯವಾಗಿ ಹಾಲು, ಮೊಸರು, ಮಜ್ಜಿಗೆಯಿಂದಲೇ ಸಿಗಬೇಕು. ಮಧುಮೇಹಕ್ಕೆ ಬಹುಕಾಲ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಅದು ಇನ್ನೂ ಕಡಿಮೆಯಾಗಬಹುದು. ಒಂದು ರಕ್ತ ಪರೀಕ್ಷೆ ಸಾಕು, ಗೊತ್ತಾಗುತ್ತದೆ.

ಉಪವಾಸ ಮಾಡುವ, ಸೂರ್ಯಾಸ್ತದ ನಂತರ ನೀರನ್ನೂ ಬಿಡುವ ಹಿರಿಯರು ಬಿಪಿ ಅಥವಾ ಮಧುಮೇಹದ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ವೈದ್ಯರನ್ನು ಕೇಳಲಿ. ನೀರಿನಂಶ ಅಥವಾ ಸಕ್ಕರೆ ಅಂಶ ಇಳಿದರೆ ವಯಸ್ಸಾದವರು ಒಮ್ಮೆಲೇ ಗಲಿಬಿಲಿಗೊಳ್ಳುತ್ತಾರೆ. ಅದನ್ನು ಮರೆವು ಎಂದು ಬಿಡದೆ ಕೂಡಲೇ ದವಾಖಾನೆಗೆ ಕರೆದೊಯ್ಯಬೇಕು.

ಆರೈಕೆ ಮಾಡುವವರನ್ನು ಮರೆಯಬೇಡಿ

ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಒಂದು ವಿಷಯ ಪ್ರಕಟಿಸಿದರು. ಮರೆವಿನ ಕಾಯಿಲೆಯ ಪತಿ ಅಥವಾ ಪತ್ನಿಯನ್ನು ನೋಡಿಕೊಳ್ಳುವ ಹಿರಿಯರನ್ನು ಅವರು 6 ವರ್ಷ ಗಮನಿಸಿದ್ದರು. ಉರಿಯೂತ ಸೂಚಿಸುವ ಒಂದು ಅಂಶ ಅವರ ರಕ್ತದಲ್ಲಿ ಉಳಿದವರಿಗಿಂತ ಸುಮಾರು 4 ಪಟ್ಟು ವೇಗವಾಗಿ ಏರಿತ್ತು. ಅಂದರೆ ಕಾಯಿಲೆ ಒಬ್ಬರಿಗಾದರೂ ಅದರ ಪೆಟ್ಟು ಇಬ್ಬರಿಗೆ.

ನಮ್ಮ ಮನೆಗಳಲ್ಲಿ ಈ ಭಾರ ಹೆಚ್ಚಾಗಿ ಸೊಸೆಯ ಅಥವಾ ಹೆಂಡತಿಯ ಮೇಲೆ ಬೀಳುತ್ತದೆ. ಅದೇ ಪ್ರಶ್ನೆಗೆ ದಿನಕ್ಕೆ ಇಪ್ಪತ್ತು ಸಲ ಉತ್ತರ, ರಾತ್ರಿ ನಿದ್ದೆ ಇಲ್ಲ, ಮೇಲಿಂದ ‘ಸರಿಯಾಗಿ ನೋಡಿಕೊಳ್ಳುತ್ತಿಲ್ಲ’ ಎಂಬ ಮಾತು. ಗಂಡುಮಕ್ಕಳು ಅಂಗಡಿ ಮುಚ್ಚಿದ ಮೇಲೆ ಒಂದು ಪಾಳಿ ವಹಿಸಿಕೊಳ್ಳಲಿ. ನೆಂಟರು ವಾರಕ್ಕೆ ಅರ್ಧ ದಿನ ಬಂದು ಕೂರಲಿ. ಅವರಿಗೂ ಸಾಮಾಯಿಕಕ್ಕೆ 48 ನಿಮಿಷ ಸಮಾಧಾನವಾಗಿ ಕೂರುವ ಬಿಡುವು ಸಿಗಲಿ. ಇದರಿಂದ ಕಾಯಿಲೆ ವಾಸಿಯಾಗುತ್ತದೆ ಎಂದಲ್ಲ, ಅವರ ಮನಸ್ಸಿನ ಭಾರವಾದರೂ ಇಳಿಯುತ್ತದೆ.

ಎಲ್ಲಿ ವಿಚಾರಿಸಬೇಕು

ಮೊದಲು ನಿಮ್ಮ ವೈದ್ಯರು ಅಥವಾ ತಾಲೂಕು ಆಸ್ಪತ್ರೆ. ಹೆಚ್ಚಿನ ತಪಾಸಣೆಗೆ ಬೆಳಗಾವಿ ಅಥವಾ ಮಿರಜಿನ ನರರೋಗ ತಜ್ಞರು, ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್. ಮನಸ್ಸಿನ ಒತ್ತಡಕ್ಕೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಉಚಿತ ಸಂಖ್ಯೆ 14416, ಕನ್ನಡದಲ್ಲೇ ಮಾತನಾಡಬಹುದು. ಹಿರಿಯ ನಾಗರಿಕರ ಸಹಾಯವಾಣಿ 14567.

ಅಂಗಡಿಯಲ್ಲಿ, ಬಸದಿಯಲ್ಲಿ, ಓಣಿಯಲ್ಲಿ ಯಾರಾದರೂ ಹಿರಿಯರು ಒಂದೇ ಲೆಕ್ಕ ಎರಡು ಸಲ ಮಾಡುವುದು, ಗೊತ್ತಿರುವ ದಾರಿ ತಪ್ಪುವುದು ಕಂಡರೆ ನಕ್ಕು ಬಿಡಬೇಡಿ. ಅವರ ಮನೆಯವರ ಕಿವಿಗೆ ಒಂದು ಮಾತು ಹಾಕಿ. ನಾನು ಅಂದು ಮಾಡದ ಕೆಲಸ ಅದು.

ಜೈ ಜಿನೇಂದ್ರ.