ಮುತ್ಯಾನ ಚಾಕು ಯಾವ ಯುದ್ಧದ್ದು?

ನಿಪ್ಪಾಣಿ ಹತ್ತಿರದ ನಮ್ಮೂರಿನ ಮನೆಯಲ್ಲಿ ಒಂದು ಮಡಚುವ ಚಾಕು ಇದೆ. ಕರಿ ಹಿಡಿ, ಅದರ ಮೇಲೆ ಚೌಕುಳಿ ಗೆರೆ, ಒಂದು ತುದಿಯಲ್ಲಿ ಹಗ್ಗ ಕಟ್ಟಲು ಕಬ್ಬಿಣದ ಬಳೆ. ಮುತ್ಯಾನ ಅಪ್ಪ ಬಸ್ರಾದಿಂದ ತಂದಿದ್ದು ಅಂತ ಮನೆಯವರೆಲ್ಲ ಹೇಳ್ತಾರೆ. ದೀಪಾವಳಿಗೆ ಹೋದಾಗ ಸುಮ್ಮನಿರದೆ ಸೀಮೆಎಣ್ಣೆ ಹಚ್ಚಿ ಒರೆಸಿದೆ. ತಕರಾರು ಶುರುವಾಗಿದ್ದೇ ಅಲ್ಲಿಂದ.

ಬಸ್ರಾ ಕಥೆ ನಂಬುವಂಥದ್ದೇ. ನಿಪ್ಪಾಣಿ, ಚಿಕ್ಕೋಡಿ ಕಡೆಯ ಹುಡುಗರಿಗೆ ಮರಾಠಾ ಪಲ್ಟನ್ ಹೊಸದಲ್ಲ. ಮೊದಲ ಮಹಾಯುದ್ಧದಲ್ಲಿ ಆ ಪಲ್ಟನ್‌ಗಳು ಮೆಸೊಪೊಟೇಮಿಯಾದಲ್ಲಿದ್ದವು. 1916ರ ಏಪ್ರಿಲ್‌ನಲ್ಲಿ ಕುತ್ ಊರು ತುರ್ಕರಿಗೆ ಶರಣಾದಾಗ ಸೆರೆಸಿಕ್ಕವರಲ್ಲಿ 103ನೇ ಮತ್ತು 110ನೇ ಪಲ್ಟನ್‌ನ ಮರಾಠಾ ಸಿಪಾಯಿಗಳೂ ಇದ್ದರು.

ಆದರೆ ಚಾಕು ಬೇರೇನೇ ಹೇಳ್ತಿತ್ತು. ಬ್ರಿಟಿಷ್ ಸೈನ್ಯ ಸಿಪಾಯಿಗಳಿಗೆ ಕೊಡುತ್ತಿದ್ದ ಮಡಚುವ ಚಾಕುಗಳಲ್ಲಿ ಹಲವು ನಮೂನೆ. ಮೊದಲ ಯುದ್ಧದ್ದು ಗಾತ್ರದಲ್ಲಿ ದೊಡ್ಡದು, ಮಡಚಿದಾಗಲೂ ಐದಿಂಚಿನ ಹತ್ತಿರ. ಜೇಬಿನಲ್ಲಿಟ್ಟರೆ ಜೇಬೇ ಜೋತುಬೀಳುವಷ್ಟು ಭಾರ. ಎರಡನೇ ಯುದ್ಧದ ಹೊತ್ತಿಗೆ ಅದು ಕುಗ್ಗಿ ನಾಲ್ಕಿಂಚಿನೊಳಗೆ ಬಂತು, ಹಿಡಿಗೆ ಪ್ಲಾಸ್ಟಿಕ್‌ನಂಥ ಕರಿ ವಸ್ತು ಬಂತು. ಆಮೇಲಿನವು ಪೂರ್ತಿ ಸ್ಟೀಲು. ಅಲಗಿನ ತುದಿ ಮಾತ್ರ ಹೆಚ್ಚಿನವುಗಳಲ್ಲಿ ಮೊಂಡು, ಅಂಚು ನೇರ. ಚುಚ್ಚುವುದಕ್ಕಲ್ಲ, ಕೊಯ್ಯುವುದಕ್ಕೆ ಮಾಡಿದ್ದು. ಪಕ್ಕದಲ್ಲಿ ಡಬ್ಬಿ ತೆರೆಯುವ ಅಲಗು, ಕೆಲವಕ್ಕೆ ಬೆನ್ನಲ್ಲಿ ದಬ್ಬಣದಂಥ ಮೊಳೆ.

ನಮ್ಮದಕ್ಕೂ ಆ ಮೊಳೆ ಇದೆ. "ಕುದುರಿ ಗೊರಸಿನ್ಯಾಗ ಸಿಕ್ಕ ಕಲ್ಲ ತಗ್ಯಾಕ ಅದು," ಅಂದ್ರು ಕಾಕಾ. ಇಂಗ್ಲೆಂಡಿನಲ್ಲೂ ಇದೇ ಕಥೆ ಓಡಾಡುತ್ತೆ. ನಿಜಕ್ಕೂ ಅದು ಹಡಗಿನವರ ಸಾಮಾನು, ಹಗ್ಗದ ಎಳೆ ಬಿಡಿಸಲು, ಬಿಗಿದ ಗಂಟು ಸಡಿಲಿಸಲು.

ಕೊಳೆ ಹೋದ ಮೇಲೆ ಅಲಗಿನ ಬುಡದಲ್ಲಿ ಎರಡು ಗುರುತು ಕಂಡವು. ಸರ್ಕಾರಿ ಸೊತ್ತು ಅಂತ ಬ್ರಿಟಿಷರು ಒತ್ತುತ್ತಿದ್ದ ಬಾಣ. ಅದರ ಕೆಳಗೆ 1943.

ಕಾಕಾಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ನೋಡಿದ್ರು, ತೆಗೆದ್ರು, ಮತ್ತೆ ಹಾಕ್ಕೊಂಡ್ರು. "ತಮ್ಮಾ, ಅಕ್ಷರ ತಪ್ಪ ಹೊಡದಿರಬೇಕು." ಆಮೇಲೆ ಊಟದ ತನಕ ಮಾತಿಲ್ಲ. ಒರೆಸದೇ ಇದ್ದಿದ್ರೆ ಚೆನ್ನಾಗಿತ್ತು ಅಂತ ನನಗೂ ಅನ್ನಿಸ್ತು.

1943 ಅಂದ್ರೆ ಇಟಲಿ. ಮರಾಠಾ ಪಲ್ಟನ್‌ನ ಯಶವಂತ ಘಾಡಗೆ 1944ರ ಜುಲೈನಲ್ಲಿ, ನಾಮದೇವ ಜಾಧವ್ 1945ರ ಏಪ್ರಿಲ್‌ನಲ್ಲಿ ತೋರಿದ ಸಾಹಸಕ್ಕೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿದ್ದು ಅಲ್ಲೇ. ಆದರೆ ಆ ಯುದ್ಧಕ್ಕೆ ನಮ್ಮ ಮನೆಯಿಂದ ಯಾರೂ ಹೋಗಿಲ್ಲ. ಇನ್ನೊಂದು ದಾರಿ ಇದೆ, ಅಷ್ಟು ರೋಚಕವಲ್ಲ. ಯುದ್ಧ ಮುಗಿದ ಮೇಲೆ ಸೈನ್ಯದಲ್ಲಿ ಉಳಿದ ಕಂಬಳಿ, ಬೂಟು, ಜೀಪು ಎಲ್ಲ ದೇಶದ ತುಂಬ ಮಾರಾಟಕ್ಕೆ ಬಂದವು. ಮುತ್ಯಾ ಯಾವುದೋ ಸಂತೆಯಲ್ಲಿ ಚೌಕಾಸಿ ಮಾಡಿ ಕೊಂಡಿರಬಹುದು. ಅವನ ಅಪ್ಪ ಬಸ್ರಾಕ್ಕೆ ಹೋಗಿದ್ದೇ ಸುಳ್ಳು ಅಂತ ಇದರಿಂದ ಆಗಲ್ಲ. ಇದನ್ನ ಕಾಕಾಗೆ ಎರಡು ಸಲ ಹೇಳಿದೆ.

ಚಾಕುವನ್ನು ಇನ್ನೊಮ್ಮೆ ಬಿಚ್ಚಿ ನೋಡಿದೆ. ದೊಡ್ಡ ಅಲಗು ಸಾಣೆ ಹಿಡಿದು ಹಿಡಿದು ಅರ್ಧ ಸವೆದಿದೆ. ತಂಬಾಕಿನ ಚೀಲದ ಸುತಳಿ, ಎತ್ತಿನ ಹಗ್ಗ, ಬೇಸಿಗೆಯಲ್ಲಿ ಮಾವಿನಕಾಯಿ ಕೊಯ್ದ ಅಲಗು ಅದು. ಡಬ್ಬಿ ತೆರೆಯುವ ಅಲಗಿನ ಮೇಲೆ ಮಾತ್ರ ಒಂದು ಗೀರೂ ಇಲ್ಲ.