ಕಾಲ್ಮರಿಗೆ ಬೆಲೆ ಕಟ್ಟಿದವರಾರು?

ಬಸವಕಲ್ಯಾಣಕ್ಕೆ ಬಂದ ಪ್ರವಾಸಿಗರು ಕೋಟೆ ನೋಡುತ್ತಾರೆ, ಮಗ್ಗುಲಿನ ನಾರಾಯಣಪುರಕ್ಕೆ ಹೋಗಿ ಚಾಲುಕ್ಯರ ಕಾಲದ ಶಿವಾಲಯ ನೋಡುತ್ತಾರೆ. ಭಕ್ತರು ಹರಳಯ್ಯನವರ ಗವಿಗೂ ಹೋಗಿ ಕೈಮುಗಿಯುತ್ತಾರೆ. ಈ ಗವಿಗೆ ಹೆಸರು ಬಂದದ್ದು ಅರಸನಿಂದಲ್ಲ, ದಂಡನಾಯಕನಿಂದಲೂ ಅಲ್ಲ. ಚಪ್ಪಲಿ ಹೊಲಿದು ಬದುಕುತ್ತಿದ್ದ ಒಬ್ಬ ಸಮಗಾರ ಶರಣರಿಂದ.

ಕಥೆ ಕನ್ನಡಿಗರಿಗೆ ಗೊತ್ತಿರುವಂಥದೇ. ದಾರಿಯಲ್ಲಿ ಎದುರಾದ ಬಸವಣ್ಣನವರಿಗೆ ಹರಳಯ್ಯ ‘ಶರಣು’ ಎಂದರು. ಬಸವಣ್ಣನವರು ಅದಕ್ಕೆ ಉತ್ತರವಾಗಿ ‘ಶರಣು ಶರಣಾರ್ಥಿ’ ಎಂದರು. ಒಂದು ಶರಣಿಗೆ ಪ್ರತಿಯಾಗಿ ಎರಡು! ಈ ಹೆಚ್ಚಿನ ಋಣವನ್ನು ತೀರಿಸುವುದು ಹೇಗೆಂದು ಚಿಂತಿಸಿದ ಹರಳಯ್ಯ ಮತ್ತು ಪತ್ನಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿ ತಂದರು. ಬಸವಣ್ಣನವರು ಅವನ್ನು ಕಾಲಿಗೆ ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತರು. ಮುಂದೆ ಹರಳಯ್ಯನವರ ಮಗನಿಗೂ ಬ್ರಾಹ್ಮಣರಾಗಿದ್ದ ಮಧುವರಸರ ಮಗಳಿಗೂ ಮದುವೆಯಾಗಿ, ಅದೇ ಕಾರಣಕ್ಕೆ ಬಿಜ್ಜಳನ ಆಳ್ವಿಕೆಯಲ್ಲಿ ಬೀಗರಿಬ್ಬರಿಗೂ ಘೋರ ಶಿಕ್ಷೆಯಾಯಿತೆಂದು ಶರಣ ಚರಿತೆಗಳು ಹೇಳುತ್ತವೆ. ಗಿರೀಶ ಕಾರ್ನಾಡರ ‘ತಲೆದಂಡ’ ನೋಡಿದವರಿಗೆ ಆ ಭಾಗ ಮರೆಯುವಂಥದಲ್ಲ.

ಹನ್ನೆರಡನೆಯ ಶತಮಾನದ ಆ ಕಲ್ಯಾಣದಲ್ಲಿ ತೊಗಲಿನ ಕೆಲಸದವರು ಹರಳಯ್ಯನವರೊಬ್ಬರೇ ಆಗಿರಲಿಲ್ಲ. ಚಪ್ಪಲಿ ಹೊಲಿಯುತ್ತಿದ್ದ ಮಾದಾರ ಧೂಳಯ್ಯ ವಚನಕಾರರು. ತೊಗಲು ಹದ ಮಾಡುತ್ತಿದ್ದ ಡೋಹರ ಕಕ್ಕಯ್ಯನವರೂ ಅಷ್ಟೇ. ಕಲ್ಯಾಣದ ಗಲಭೆಯ ನಂತರ ಉಳವಿಯ ಕಡೆ ಹೊರಟ ಶರಣರ ಜೊತೆ ಕಕ್ಕಯ್ಯ ಪಶ್ಚಿಮಕ್ಕೆ ನಡೆದರೆಂದೂ, ಈಗಿನ ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ ಐಕ್ಯರಾದರೆಂದೂ ನಂಬಿಕೆ. ಊರಿನ ಹೆಸರೇ ಅವರಿಂದ ಬಂದದ್ದೆಂದು ಹೇಳುತ್ತಾರೆ.

ಕಾಕತಾಳೀಯವೋ ಏನೋ, ಕರ್ನಾಟಕದ ತೊಗಲಿನ ಕಸುಬು ಇವತ್ತಿಗೂ ದೊಡ್ಡ ಪ್ರಮಾಣದಲ್ಲಿ ಉಳಿದಿರುವುದು ಅದೇ ಬೆಳಗಾವಿ ಜಿಲ್ಲೆಯಲ್ಲಿ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಕಡೆಯ ಸಮಗಾರರ ಮನೆಗಳಲ್ಲಿ ತಯಾರಾಗುವ ಕಾಲ್ಮರಿ ಜಗತ್ತಿಗೆ ಗೊತ್ತಿರುವುದು ಮಾತ್ರ ‘ಕೊಲ್ಹಾಪುರಿ’ ಎಂದು. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವುದೆಲ್ಲ ಬ್ಯಾಡಗಿಯಲ್ಲೇ ಅಲ್ಲವಲ್ಲ, ಇದೂ ಹಾಗೆಯೇ. ಸರಕು ಮಾರಾಟವಾದ ಪೇಟೆಯ ಹೆಸರು ನಿಂತಿತು, ಹೊಲಿದ ಊರಿನ ಹೆಸರು ಅಳಿಯಿತು. ಕೊಲ್ಹಾಪುರದ ಶಾಹು ಮಹಾರಾಜರು (ಆಳ್ವಿಕೆ 1894–1922) ಈ ಕಸುಬಿಗೆ ಕೊಟ್ಟ ಪ್ರೋತ್ಸಾಹವೂ ಆ ಹೆಸರಿನ ಬಲಕ್ಕೆ ಕಾರಣ.

ಇದರ ತಯಾರಿಕೆ ನಿಧಾನದ್ದು. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ತೆಗೆಯಬೇಕು. ಆಮೇಲೆ ಜಾಲಿ ತೊಗಟೆ, ಅಳಲೆಕಾಯಿಯ ನೀರಿನಲ್ಲಿ ಹದ ಬರಿಸಬೇಕು. ಹಳೆಯ ಪದ್ಧತಿಯಲ್ಲಿ ತೊಗಲನ್ನೇ ಚೀಲದಂತೆ ಹೊಲಿದು, ಒಳಗೆ ತೊಗಟೆಯ ನೀರು ತುಂಬಿ ತೂಗುಹಾಕುತ್ತಿದ್ದರು. ರಾಸಾಯನಿಕ ಕ್ರೋಮ್ ಬಳಸುವ ಕಾರ್ಖಾನೆಗಳು ಒಂದೆರಡು ದಿನದಲ್ಲಿ ಮುಗಿಸುವ ಕೆಲಸಕ್ಕೆ ಇಲ್ಲಿ ವಾರಗಟ್ಟಲೆ ಬೇಕು. ಎಮ್ಮೆಯ ದಪ್ಪ ತೊಗಲಿನಿಂದ ಅಟ್ಟೆ ಕೊಯ್ಯುವುದು ಸಾಮಾನ್ಯವಾಗಿ ಗಂಡಸರ ಕೆಲಸ. ಜಡೆ ಹೆಣೆಯುವುದು, ತೂತು ಹೊಡೆದು ಚಿತ್ತಾರ ಬಿಡಿಸುವುದು ಹೆಂಗಸರದು. ಅಸಲಿ ಜೋಡಿಗೆ ಮೊಳೆಯಿಲ್ಲ, ತೊಗಲಿನ ದಾರದಲ್ಲೇ ಹೊಲಿಗೆ. ಹೊಸತರಲ್ಲಿ ನಾಲ್ಕು ದಿನ ಕಾಲು ಕಚ್ಚುತ್ತದೆ, ನಿಜ. ಎಣ್ಣೆ ಸವರಿ ಮೆಟ್ಟುತ್ತ ಹೋದರೆ ಪಾದದ ಅಚ್ಚಿಗೇ ಒಗ್ಗಿ, ವರ್ಷಗಟ್ಟಲೆ ಕಿರ್ ಕಿರ್ ಎನ್ನುತ್ತ ಬಾಳುತ್ತದೆ.

ಇಷ್ಟೆಲ್ಲ ದುಡಿಮೆಗೆ ಬೆಲೆ ಎಷ್ಟು? ಹಿಂದೆ ಹಳ್ಳಿಗಳಲ್ಲಿ ಇದಕ್ಕೆ ದುಡ್ಡಿನ ಲೆಕ್ಕವೇ ಇರಲಿಲ್ಲ. ಸಮಗಾರ ಆಯಗಾರನಾಗಿದ್ದ. ವರ್ಷವಿಡೀ ರೈತನ ಮನೆಗೆ ಚಪ್ಪಲಿ, ಬಾರುಕೋಲು, ಬಾವಿಯ ತೊಗಲಿನ ಮೊಟ್ಟೆ ಮಾಡಿಕೊಟ್ಟು ಸುಗ್ಗಿಯಲ್ಲಿ ಕಾಳು ಪಡೆಯುತ್ತಿದ್ದ. ಕೊಡುವಷ್ಟು ಕೊಟ್ಟರು, ಇಸಿದುಕೊಂಡಷ್ಟು ಬಂತು. ಊರಿಗೆಲ್ಲ ಜೋಡು ಹೊಲಿದ ಜಾತಿಯವರು ಮೇಲ್ಜಾತಿಯ ಕೇರಿಗಳಲ್ಲಿ ತಾವೇ ಜೋಡು ಮೆಟ್ಟಿ ನಡೆಯುವಂತಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಬಸವಣ್ಣನವರು ಚಮ್ಮಾವುಗೆಯನ್ನು ತಲೆಯ ಮೇಲೆ ಹೊತ್ತ ಕಥೆ ಏಕೆ ಅಷ್ಟು ದೊಡ್ಡದೆಂಬುದು ಆಗ ತಿಳಿಯುತ್ತದೆ.

ಆಮೇಲೆ ರಬ್ಬರಿನ ಹವಾಯಿ ಚಪ್ಪಲಿ ಬಂತು. ಮಳೆಗೆ ಕೆಡದ, ಕಾಲು ಕಚ್ಚದ, ಅಗ್ಗದ ಮಾಲು. ರೈತ ಅದನ್ನೇ ಕೊಂಡ, ಆಯವೂ ಕರಗಿತು. ಅದೇ ಹೊತ್ತಿಗೆ ವಿಚಿತ್ರವೊಂದು ನಡೆಯಿತು. ಹೊಲದಿಂದ ಮರೆಯಾಗುತ್ತಿದ್ದ ಕಾಲ್ಮರಿ 1970ರ ದಶಕದಲ್ಲಿ ಹಿಪ್ಪಿಗಳ ಕಾಲಿಗೇರಿ ಅಮೆರಿಕದಲ್ಲಿ ಹೆಸರು ಮಾಡಿತು! 1990ರ ದಶಕದ ಕೊನೆಯ ಹೊತ್ತಿಗೆ ಅಥಣಿಯ ಮಹಿಳೆಯರು ಸ್ವಸಹಾಯ ಗುಂಪು ಕಟ್ಟಿಕೊಂಡು, ‘ಟೋಹೋಲ್ಡ್’ ಹೆಸರಿನಲ್ಲಿ ಹೊರದೇಶಗಳಿಗೆ ಚಪ್ಪಲಿ ಕಳಿಸಿದರು. ದಲ್ಲಾಳಿಯ ಕೈ ತಪ್ಪಿಸಿದ ಪ್ರಯತ್ನಗಳಲ್ಲಿ ಇದು ಮುಖ್ಯವಾದದ್ದು.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಪ್ರದರ್ಶನದಲ್ಲಿ ಇಂಥದೇ ಚಪ್ಪಲಿಯನ್ನು ‘ತೊಗಲಿನ ಸ್ಯಾಂಡಲ್’ ಎಂದಷ್ಟೇ ಹೇಳಿ ತೋರಿಸಿದಾಗ ಗದ್ದಲವೆದ್ದಿತು. ಮಹಾರಾಷ್ಟ್ರದ ವಾಣಿಜ್ಯ ಮಂಡಳಿ ಪತ್ರ ಬರೆದ ಮೇಲೆ, ಇದು ಭಾರತದ ಕಸುಬುಗಾರರಿಂದ ಸ್ಫೂರ್ತಿ ಪಡೆದದ್ದೆಂದು ಕಂಪನಿ ಒಪ್ಪಿತು. ಕೊಲ್ಹಾಪುರಿ ಚಪ್ಪಲಿಗೆ 2018ರಲ್ಲೇ ಭೌಗೋಳಿಕ ಸೂಚಿಕೆಯ ನೋಂದಣಿ ಆಗಿತ್ತು. ಅದರ ಒಡೆತನ ಎರಡು ರಾಜ್ಯಗಳ ಚರ್ಮೋದ್ಯಮ ನಿಗಮಗಳದು, ಕರ್ನಾಟಕದ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಂ. ವಕೀಲರು ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಬಾಂಬೆ ಹೈಕೋರ್ಟ್ ಜುಲೈನಲ್ಲಿ ತಳ್ಳಿಹಾಕಿದ್ದೂ, ನೋಂದಣಿ ಪಡೆದವರೇ ಬರಬೇಕೆಂಬ ಕಾರಣಕ್ಕೆ. ಡಿಸೆಂಬರ್‌ನಲ್ಲಿ ನಿಗಮಗಳೂ ಪ್ರಾಡಾ ಕಂಪನಿಯೂ ಒಪ್ಪಂದಕ್ಕೆ ಬಂದವು. ಎರಡೂ ರಾಜ್ಯಗಳಲ್ಲಿ 2,000 ಜೊತೆ ತಯಾರಿಸಿ, 2026ರ ಫೆಬ್ರುವರಿಯಿಂದ 40 ಮಳಿಗೆಗಳಲ್ಲಿ ಮಾರುವ ಯೋಜನೆ ಪ್ರಕಟವಾಯಿತು. ಜೊತೆಗೆ ಸುಮಾರು 800 ಯೂರೋ, ಅಂದರೆ 80 ಸಾವಿರ ರೂಪಾಯಿಗೂ ಮೇಲೆ.

ಅಥಣಿಯದೋ ನಿಪ್ಪಾಣಿಯದೋ ಜೊತೆಯೊಂದು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವಾಗ, ದುಬಾರಿ ಚಪ್ಪಲಿಗೆ ಅಗ್ಗದ ಬದಲಿ ಹುಡುಕುವ ಮಾತೇ ತಲೆಕೆಳಗು. ಇಲ್ಲಿ ಅಗ್ಗದ್ದೇ ಮೂಲ, ದುಬಾರಿಯದೇ ಅದರ ನಕಲು. ಕೊಳ್ಳುವವರು ಎಚ್ಚರ ವಹಿಸಬೇಕಾದದ್ದು ರೆಕ್ಸಿನ್ ಮಾಲಿನ ವಿಷಯದಲ್ಲಿ. ಅಟ್ಟೆಯ ಅಂಚನ್ನು, ಹೊಲಿಗೆಯ ದಾರವನ್ನು ನೋಡಿದರೆ ಗುಟ್ಟು ಬಯಲಾಗುತ್ತದೆ. ಆದರೆ ಆ ಸಾವಿರದಲ್ಲಿ ಹದ ಮಾಡಿದವರಿಗೆ, ಜಡೆ ಹೆಣೆದವರಿಗೆ ಎಷ್ಟು ಹೋಯಿತೆಂದು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. 80 ಸಾವಿರದ ಜೊತೆಗೂ ಇದೇ ಮಾತು.

ನೋಂದಣಿಯ ಪ್ರಕಾರ ‘ಕೊಲ್ಹಾಪುರಿ’ ಹೆಸರು ಎಂಟು ಜಿಲ್ಲೆಗಳಿಗೆ ಸೇರಿದ್ದು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರ. ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಹುಮನಾಬಾದಿನಿಂದ ಸೋಲಾಪುರಕ್ಕೆ ನೇರ ಹೆದ್ದಾರಿಯಿದೆ, ಬಸ್ಸಿನಲ್ಲಿ ಕೆಲವೇ ತಾಸಿನ ದಾರಿ. ಬೀದರ್ ಜಿಲ್ಲೆಯ ಹೆಸರು ಪಟ್ಟಿಯಲ್ಲಿಲ್ಲ. ಹರಳಯ್ಯನವರ ಕಲ್ಯಾಣದಲ್ಲಿ ಅದೇ ತೊಗಲು, ಅದೇ ಜಡೆ, ಅದೇ ಹೊಲಿಗೆಯಿಂದ ಒಂದು ಜೊತೆ ಮಾಡಿದರೂ ಅದನ್ನು ಕೊಲ್ಹಾಪುರಿ ಎಂದು ಮಾರುವಂತಿಲ್ಲ.