ಕ್ರೋಧ ನಿಗ್ರಹ ಮತ್ತು ಬುಕ್ಕರಾಯನ ಶಾಸನ

ನಾಲ್ಕು ಕಷಾಯಗಳಲ್ಲಿ ಕ್ರೋಧವೇ ಮೊದಲನೆಯದು. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ‘ಗೊಮ್ಮಟಸಾರ’ದಲ್ಲಿ ಅದನ್ನು ಕಲ್ಲು, ನೆಲ, ಧೂಳು, ನೀರುಗಳ ಮೇಲಿನ ರೇಖೆಗಳಿಗೆ ಹೋಲಿಸಿದ್ದಾರೆ. ಕೋಪದ ವಾಸನೆ ಉಳಿಯುವ ಕಾಲವನ್ನೂ ಹೇಳಿದ್ದಾರೆ: ಸಂಜ್ವಲನಕ್ಕೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಕ್ಕೆ ಒಂದು ಪಕ್ಷ, ಅಪ್ರತ್ಯಾಖ್ಯಾನಕ್ಕೆ ಆರು ತಿಂಗಳು, ಅನಂತಾನುಬಂಧಿಗೆ ಭವಭವಾಂತರ.

ವ್ಯಕ್ತಿಯ ಕೋಪವೇ ಹೀಗಾದರೆ ಸಮುದಾಯಗಳ ಕೋಪದ ಪಾಡೇನು? ತೀರಿಸದ ಸಾಲದಂತೆ ಅದು ತಂದೆಯಿಂದ ಮಗನಿಗೆ ಇಳಿಯುತ್ತದೆ. ಅಂತಹ ಕೋಪವನ್ನು ತಡೆದ ನಿದರ್ಶನವೊಂದು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಭಂಡಾರಿ ಬಸದಿಯ ಬಳಿಯ 1368ರ ಶಾಸನದಲ್ಲಿದೆ.

ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಯಿತು. ತಮಗಾದ ಅನ್ಯಾಯವನ್ನು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಕಡೆಗಳ ಭವ್ಯರು ವಿಜಯನಗರದ ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಜೈನರಿಗೆ ಪಂಚಮಹಾವಾದ್ಯ ಮತ್ತು ಕಲಶಗಳ ಹಕ್ಕು ಮೊದಲಿನಂತೆಯೇ ಉಳಿಯಿತು. ಜೈನದರ್ಶನದ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ಬಗೆಯಬೇಕೆಂದು ಕಟ್ಟಳೆಯಾಯಿತು.

ಸಂಧಾನವು ಬರಿಯ ಮಾತಿನಲ್ಲಿ ಮುಗಿಯಲಿಲ್ಲ. ತಿರುಮಲೆಯ ತಾತಯ್ಯನು ಭವ್ಯರ ಸಮ್ಮತಿಯಿಂದ ಜೈನರ ಮನೆಯೊಂದಕ್ಕೆ ವರ್ಷಕ್ಕೆ 1 ಹಣದಂತೆ ಎತ್ತಿ, ಬೆಳಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನು ನೇಮಿಸಬೇಕು. ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಯಾರ ಮೇಲೆ ದೂರಿತ್ತೋ ಆ ಪಕ್ಷದ ಹಿರಿಯನಿಗೇ ಕಾವಲಿನ ಹೊಣೆ ಬಂದಿತು. ಬಳಿಕ ಕಲ್ಲೇಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ಅರಸನಲ್ಲಿ ಬಿನ್ನವಿಸಿ, ತಾತಯ್ಯನನ್ನು ಬರಮಾಡಿಸಿ ಈ ಕಟ್ಟಳೆಯನ್ನು ಜೀರ್ಣೋದ್ಧಾರ ಮಾಡಿಸಿದನು. ಎರಡೂ ಸಮಯದವರು ಕೂಡಿ ಅವನಿಗೆ ‘ಸಂಘನಾಯಕ’ ಪಟ್ಟ ಕಟ್ಟಿದರು. ಇದಕ್ಕಿಂತ ಹೆಚ್ಚಿನ ಗಳಿಕೆ ವರ್ತಕನಿಗೆ ಯಾವುದುಂಟು?

ಇಲ್ಲಿ ಗಮನಿಸಬೇಕಾದುದು ಎರಡು. ನೊಂದವರು ಏಟಿಗೆ ಏಟು ಕೊಡದೆ ನ್ಯಾಯ ಬೇಡಿದರು. ಕ್ಷಮೆಯೆಂದರೆ ಹಕ್ಕನ್ನು ಬಿಟ್ಟುಕೊಡುವುದಲ್ಲ. ಎರಡನೆಯದಾಗಿ, ಶಾಂತಿಯನ್ನು ವರ್ಷವರ್ಷವೂ ನಡೆಸಬೇಕಾದ ಕೆಲಸಕ್ಕೆ ಜೋಡಿಸಿದರು.

ಅನ್ಯಮತಗಳಲ್ಲಿಯೂ ಈ ವಿವೇಕವುಂಟು. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ 19ನೆಯ ಶತಮಾನದಲ್ಲಿ ಚರ್ಚು ಕಟ್ಟಿದ ಫ್ರೆಂಚ್ ಪಾದ್ರಿಗಳ ಧರ್ಮವೂ, ಸೋದರನೊಡನೆ ಮುನಿಸಿದ್ದರೆ ಮೊದಲು ರಾಜಿಯಾಗಿ ಆಮೇಲೆ ಕಾಣಿಕೆ ಅರ್ಪಿಸಬೇಕೆಂದು ಬೋಧಿಸುತ್ತದೆ. ಅಲ್ಲಿ ವಿಶ್ವಾಸ, ಇಲ್ಲಿ ಸಂವರ. ಹೆಸರು ಬೇರೆಯಾದರೂ ಮನಸ್ಸನ್ನು ತಡೆಯುವ ಶ್ರಮ ಒಂದೇ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಶ್ರಾವಕರೇ ಆಗಲಿ, ಬಸದಿಗಳ ಧರ್ಮದರ್ಶಿಗಳೇ ಆಗಲಿ, ಕ್ಷಮಾವಣಿಯ ದಿನ ಕೈಮುಗಿದು ಮರುದಿನ ವ್ಯಾಜ್ಯ ಮುಂದುವರಿಸಿದರೆ ಆ ಕೈಮುಗಿತಕ್ಕೆ ಬೆಲೆಯೇನು? ಆರು ತಿಂಗಳಿಗೂ ಆರದ ಕೋಪ ಶ್ರಾವಕನ ಸಮ್ಯಕ್ತ್ವವನ್ನೇ ಕೆಡಿಸುತ್ತದೆ. ಮುಂದಿನ ಸಭೆಗೆ ಮೊದಲು, ಮಾತು ಬಿಟ್ಟವರ ಮನೆಗೆ ತಾವಾಗಿ ಹೋಗುವುದೇ ಧರ್ಮ.